ಬೆಳಗ್ಗೆ ಟಿಕ್ ಟಿಕ್, ಬಿಸಿಯಾದ್ಮೇಲೆ ಸೈಲೆಂಟ್

ಪ್ರಶ್ನೆ: ನಮ್ದು ಹಳೇ ಪೆಟ್ರೋಲ್ ಕಾರು ಸರ್. ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಟಿಕ್ ಟಿಕ್ ಸೌಂಡು, ಸ್ವಲ್ಪ ಓಡಿಸಿದ್ರೆ ಮಾಯ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ತಳ್ಳೋ ಭಾಗ) ಅಂತಾನೆ, ಇನ್ನೊಬ್ಬ ಮ್ಯಾನಿಫೋಲ್ಡ್ ಅಂತಾನೆ. ಏನದು? ಹಾಗೇ ಓಡಿಸಬಹುದಾ?
– ಓದುಗರು, ಹಾಸನ

ಉತ್ತರ: ನನ್ನ ವೋಟು ಎರಡನೇ ಮೆಕ್ಯಾನಿಕ್‌ಗೆ. ಮ್ಯಾನಿಫೋಲ್ಡ್ ಅಂದ್ರೆ ಇಂಜಿನ್ನಿಗೆ ಕೂರೋ ಕವಲು ಪೈಪು, ಅದ್ರಲ್ಲಿ ಎರಡು ತರ. ಇನ್‌ಟೇಕ್ ಮ್ಯಾನಿಫೋಲ್ಡು ಥ್ರಾಟಲ್ (ಗಾಳಿ ಹೆಚ್ಚು ಕಮ್ಮಿ ಮಾಡೋ ಬಾಗಿಲು) ದಾಟಿ ಬಂದ ಗಾಳೀನ ಎಲ್ಲಾ ಸಿಲಿಂಡರಿಗೂ ಹಂಚತ್ತೆ, ಅದು ಲೀಕಾದ್ರೆ ಸುಯ್ ಅಂತ ಗಾಳಿ ಎಳ್ಕೊಂಡು ಐಡ್ಲಿಂಗ್ ಏರುಪೇರಾಗತ್ತೆ, ನಿಮ್ಮ ಕೇಸು ಅದಲ್ಲ ಬಿಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡು ಎಲ್ಲಾ ಸಿಲಿಂಡರಿನ ಹೊಗೇನ ಒಂದೇ ಪೈಪಿಗೆ ಸೇರಿಸತ್ತೆ. ಜೋರಾಗಿ ಓಡಿಸುವಾಗ ಆ ಹೊಗೆ 800 ಡಿಗ್ರಿ ಸೆಲ್ಸಿಯಸ್ ದಾಟಿದ್ರೂ ಆಶ್ಚರ್ಯ ಇಲ್ಲ, ದಿನಾ ಕಾದು ಆರಿ ಕಾದು ಆರಿ ಸಂದಿ ಮುಚ್ಚೋ ಗ್ಯಾಸ್ಕೆಟ್ ಸುಡತ್ತೆ, ಮ್ಯಾನಿಫೋಲ್ಡ್ ಬಿಗಿದಿರೋ ಸ್ಟಡ್ (ಬೋಲ್ಟ್ ತರದ್ದು) ಮುರಿಯತ್ತೆ, ಇಲ್ಲಾ ಮ್ಯಾನಿಫೋಲ್ಡೇ ಸೀಳು ಬಿಡತ್ತೆ. ತಣ್ಣಗಿದ್ದಾಗ ಆ ಸಂದಿಯಿಂದ ಹೊಗೆ ಒಂದೊಂದೇ ಏಟಿಗೆ ಚಿಮ್ಮೋದೇ ಟಿಕ್ ಟಿಕ್, ಬಿಸಿಯಾದ್ಮೇಲೆ ಲೋಹ ಹಿಗ್ಗಿ ಸಂದಿ ಮುಚ್ಕೊಳ್ಳತ್ತೆ.

ಇಂಜಿನ್ ಪೂರ್ತಿ ಆರಿದ್ಮೇಲೆ ಟಾರ್ಚ್ ಹಾಕಿ ಎಕ್ಸಾಸ್ಟ್ ಮ್ಯಾನಿಫೋಲ್ಡು ಹೆಡ್ಡಿಗೆ (ಸಿಲಿಂಡರುಗಳ ಮೇಲಿನ ಭಾಗ) ಕೂರೋ ಜಾಗ ನೋಡಿ, ಕಪ್ಪು ಮಸಿ ಗೆರೆ ಇದ್ರೆ ಅಲ್ಲೇ ಲೀಕು. ಅದೇ ಸಂದಿಯಿಂದ ಹೊರಗಿನ ಗಾಳೀನೂ ಒಳಗೆ ಹೋಗತ್ತೆ, ಹೊಗೇಲಿರೋ ಆಕ್ಸಿಜನ್ ಅಳೆಯೋ ಸೆನ್ಸರು ಪೆಟ್ರೋಲ್ ಕಮ್ಮಿ ಆಗ್ತಿದೆ ಅಂದ್ಕೊಂಡು ಇಸಿಯುಗೆ (ಇಂಜಿನ್ ನಡೆಸೋ ಕಂಪ್ಯೂಟರ್) ತಪ್ಪು ಸಿಗ್ನಲ್ ಕೊಡತ್ತೆ, ಇಸಿಯು ಪೆಟ್ರೋಲ್ ಜಾಸ್ತಿ ಸುರೀತದೆ, ಮೈಲೇಜ್ ಹೋಯ್ತು. ಅದಕ್ಕಿಂತ ಭಯ ಅಂದ್ರೆ ಕಾರ್ಬನ್ ಮಾನಾಕ್ಸೈಡು, ವಾಸನೆನೇ ಇಲ್ಲ, ಎಸಿ ಗಾಳಿ ಜೊತೆ ಕಾರೊಳಗೆ ಬರಬಹುದು. ಹಾಗಾಗಿ ಮುಂದೂಡಬೇಡಿ. ಗ್ಯಾಸ್ಕೆಟ್ ದೊಡ್ಡ ಖರ್ಚಲ್ಲ, ತುಕ್ಕು ಹಿಡಿದ ಸ್ಟಡ್ ಬಿಚ್ಚುವಾಗ ಮುರಿದ್ರೆ ಲೇಬರ್ ಏರತ್ತೆ, ಮೊದ್ಲೇ ರೇಟ್ ಮಾತಾಡ್ಕೊಳ್ಳಿ.