ಓದುಗರ ಪ್ರಶ್ನೆ: ಹಿಮದ ಹುಡುಗಿ ನಿಜವೋ, ಕಲ್ಪನೆಯೋ?

ಪ್ರಶ್ನೆ: ಏಯೋವಿನ್ ಐವಿ ಅವರ ‘ದಿ ಸ್ನೋ ಚೈಲ್ಡ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ನಮ್ಮಲ್ಲೊಬ್ಬರು ಓದಿ ಕನ್ನಡದಲ್ಲಿ ಹೇಳುತ್ತ ಹೋದರು, ಉಳಿದ ಏಳು ಜನ ಗೆಳತಿಯರು ಕೇಳಿದೆವು. ಅದರಲ್ಲಿ ಬರುವ ಫೈನಾ ಎಂಬ ಹುಡುಗಿ ಹಿಮದಿಂದಲೇ ಹುಟ್ಟಿದವಳೆಂದು ಕೆಲವರು, ಕಾಡಿನಲ್ಲಿ ತಬ್ಬಲಿಯಾದ ಹುಡುಗಿಯೆಂದು ಕೆಲವರು ಹಟ ಹಿಡಿದಿದ್ದಾರೆ. ಯಾರದು ಸರಿ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಎರಡೂ ಪಕ್ಷದವರಿಗೆ ಲೇಖಕಿ ಪುರಾವೆಯನ್ನು ಅಳೆದು ತೂಗಿಯೇ ಕೊಟ್ಟಿದ್ದಾರೆ. 1920ರ ಅಲಾಸ್ಕಾದಲ್ಲಿ, ಸತ್ತು ಹುಟ್ಟಿದ ಕೂಸಿನ ದುಃಖವನ್ನು ಹೊತ್ತು, ಕಾಡು ಕಡಿದು ಹೊಲ ಮಾಡಲು ಹೋದ ಮೇಬಲ್ ಮತ್ತು ಜಾಕ್ ದಂಪತಿ ಮೊದಲ ಹಿಮ ಬಿದ್ದ ರಾತ್ರಿ ಹುಡುಗಿಯ ಬೊಂಬೆಯೊಂದನ್ನು ಮಾಡಿ ಕೈಗವಸು, ಸ್ಕಾರ್ಫ್ ತೊಡಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಬೊಂಬೆ ಕುಸಿದಿದೆ, ತೊಡಿಸಿದ ಬಟ್ಟೆಗಳಿಲ್ಲ, ಕಾಡಿನತ್ತ ಹೋದ ಪುಟ್ಟ ಹೆಜ್ಜೆಗಳಿವೆ. ಬಂದ ಹೆಜ್ಜೆಗಳು ಮಾತ್ರ ಕಾಣುವುದಿಲ್ಲ. ಮುಂದೆ ಆ ಹೆಜ್ಜೆಗಳ ಹುಡುಗಿ ಫೈನಾ ಜಾಕ್‌ನನ್ನು ತನ್ನ ತಂದೆಯ ಹೆಣದ ಬಳಿಗೆ ಕರೆದೊಯ್ಯುತ್ತಾಳೆ. ಹಿಮದ ಕೂಸಿಗೆ ಕುಡುಕ ತಂದೆ ಎಲ್ಲಿಂದ ಬಂದನೆಂದು ನಿಮ್ಮ ಎರಡನೆಯ ಪಕ್ಷದವರು ಕೇಳಿದರೆ ತಪ್ಪೇನಿಲ್ಲ.

ಕಥೆಯ ಬೇರು ರಷ್ಯದ ಸ್ನೆಗುರೋಚ್ಕಾ ಎಂಬ ಜಾನಪದ ಕಥೆಯಲ್ಲಿದೆ. (1867ರಲ್ಲಿ ರಷ್ಯಾ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿದ ಅಲಾಸ್ಕಾದ ನೆಲದಲ್ಲಿಯೇ ಅದು ಮತ್ತೆ ಚಿಗುರಿದ್ದು ನನಗೆ ಸೋಜಿಗವೆನಿಸುತ್ತದೆ.) ಆ ಕಥೆಯಲ್ಲಿ ಮಕ್ಕಳಿಲ್ಲದ ಮುದುಕ ಮುದುಕಿ ಹಿಮದಿಂದ ಮಾಡಿದ ಹುಡುಗಿ ಕೊನೆಗೆ ಕರಗಿ ಹೋಗುತ್ತಾಳೆಂಬುದು ಮೇಬಲ್‌ಗೆ ಗೊತ್ತಿದೆ, ಆದ್ದರಿಂದಲೇ ಪ್ರತಿ ವಸಂತವೂ ಅವಳಿಗೆ ಭಯ. ಕೈಯಿಂದ ಮಾಡಿದ ಕೂಸು ಉಳಿಯುವುದಿಲ್ಲವೆಂಬುದು ನಮ್ಮ ಸೀಮೆಗೂ ಹೊಸತಲ್ಲ. ಭಾದ್ರಪದದಲ್ಲಿ ಬುಟ್ಟಿಯ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಮನೆಗೆ ಬರುವ ಮಣ್ಣಿನ ಜೋಕುಮಾರನಿಗೆ ಏಳೇ ದಿನದ ಆಯುಷ್ಯ. ಆದರೂ ಮಕ್ಕಳನ್ನು ಬೇಡಿಕೊಳ್ಳುವ ಹೆಣ್ಣುಮಗಳು ಅವನ ಬಾಯಿಗೆ ಬೆಣ್ಣೆ ಹಚ್ಚುವಾಗ, ಅವನು ಮಣ್ಣೋ ದೇವರೋ ಎಂದು ಯಾರೂ ಅವಳನ್ನು ನಿಲ್ಲಿಸಿ ಕೇಳುವುದಿಲ್ಲ.

ಹಾಗೆಂದು ಇದು ಬರೀ ಮಾಯದ ಕಥೆಯಲ್ಲ. ಜಾಕ್ ಬೆನ್ನಿಗೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಾಗ, ಅಲ್ಲಿಯವರೆಗೆ ಮನೆಯೊಳಗೇ ಇದ್ದ ಮೇಬಲ್ ನೆರೆಯವರೊಂದಿಗೆ ಹೊಲಕ್ಕಿಳಿದು ಆಲೂಗಡ್ಡೆ ನೆಡುತ್ತಾಳೆ. ನನ್ನ ಮಟ್ಟಿಗೆ ಆ ಪುಟಗಳೇ ಕಾದಂಬರಿಯ ಜೀವ. ಮಳೆಯಾಶ್ರಿತ ಹೊಲದಲ್ಲಿ ದುಡಿದವರಿಗೆ ಅವನ್ನು ವಿವರಿಸಬೇಕಾಗಿಲ್ಲ.

ಇನ್ನು ಲೇಖಕಿಯ ಅಭಿಪ್ರಾಯ. ಅದನ್ನು ಅವರು ಯಾವ ಪಾತ್ರದ ಬಾಯಿಂದಲೂ ಹೇಳಿಸದೆ, ಅಚ್ಚಿನಲ್ಲಿ ಅಡಗಿಸಿಟ್ಟಿದ್ದಾರೆ. ದಂಪತಿಯೂ ನೆರೆಯವರೂ ಆಡುವ ಮಾತುಗಳಿಗೆ ಎಂದಿನಂತೆ ಉದ್ಧರಣ ಚಿಹ್ನೆಗಳಿವೆ. ಫೈನಾ ಜೊತೆಗಿದ್ದಾಗ ಆ ಚಿಹ್ನೆಗಳು ಮಾಯವಾಗಿ, ಯಾವುದು ಆಡಿದ ಮಾತು, ಯಾವುದು ಮನಸ್ಸಿನೊಳಗಿನದು ಎಂಬುದು ಒಂದರೊಳಗೊಂದು ಬೆರೆತುಹೋಗುತ್ತದೆ. ಒಬ್ಬರು ಹೇಳಿ ಉಳಿದವರು ಕೇಳಿದ್ದರಿಂದ ಇದು ನಿಮ್ಮ ಕಿವಿಗೆ ಬಿದ್ದಿರಲಾರದು. ಆ ಗೆಳತಿಯಿಂದ ಪುಸ್ತಕವನ್ನು ಇಸಿದುಕೊಂಡು, ಫೈನಾ ಮನೆಯೊಳಗೆ ಬರುವ ಪುಟವನ್ನು ಎಲ್ಲರೂ ಒಮ್ಮೆ ಕಣ್ಣಾರೆ ನೋಡಿರಿ.