ಟರ್ಬೊ ಒತ್ತಿದರೆ ನಿಂತು ಹೋಗುತ್ತದೆ, ದೊಡ್ಡ ಬ್ಯಾಟರಿ ಹಾಕಿಸಲೇ?

ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಧೂಳಿನ ಡಬ್ಬಿ ಬಿಚ್ಚುವುದು ಹೇಗೆ, ಫಿಲ್ಟರ್ ಎಲ್ಲಿದೆ ಅಂತ ಕೇಳಿದವರು ಮೆಷಿನ್ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ ಅಂತ ನನಗೆ ಗೊತ್ತು.

ಪ್ರಶ್ನೆ: ಸರ್, ಮೆಷಿನ್‌ಗೆ ಮೂರು ವರ್ಷ ಆಯಿತು. ಇಕೋ ಮೋಡ್‌ನಲ್ಲಿ ಅರ್ಧ ಗಂಟೆ ಓಡುತ್ತದೆ. ಟರ್ಬೊ ಒತ್ತಿದರೆ ಅರ್ಧ ನಿಮಿಷಕ್ಕೆ ಬಂದ್. ಎಳೆತವೂ ಮೊದಲಿನಷ್ಟಿಲ್ಲ. ಈಗಿರುವುದು 2,500 ಎಂಎಎಚ್ ಬ್ಯಾಟರಿ. ಆನ್‌ಲೈನ್‌ನಲ್ಲಿ ಅದೇ ಅಳತೆಯ 6,000 ಎಂಎಎಚ್ ಸಿಗುತ್ತಿದೆ. ಹಾಕಿಸಿದರೆ ಎರಡೂ ಸರಿಹೋಗುತ್ತದೆ ಅಲ್ವಾ?

ಇಲ್ಲ. ನಿಮ್ಮ ಮೆಷಿನ್‌ಗೆ ಎರಡು ಕಾಯಿಲೆ ಇದೆ. ನೀವು ಎರಡಕ್ಕೂ ಒಂದೇ ಮಾತ್ರೆ ಕೇಳುತ್ತಿದ್ದೀರಿ, ಅದೂ ನಕಲಿ ಮಾತ್ರೆ.

ಮೊದಲು ಟರ್ಬೊ ವಿಷಯ. ಇಂಥ ಬ್ಯಾಟರಿ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ 18650 ಎಂಬ ಲಿಥಿಯಂ ಸೆಲ್‌ಗಳು ಆರೋ ಏಳೋ ಇರುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದು 3.6 ವೋಲ್ಟ್. ಆರನ್ನು ಸಾಲಾಗಿ ಜೋಡಿಸಿದರೆ 21.6 ವೋಲ್ಟ್. 2,500 ಎಂಎಎಚ್ ಅಂದರೆ 2.5 ಆಂಪಿಯರ್-ಅವರ್, ಅದನ್ನು ವೋಲ್ಟ್‌ನಿಂದ ಗುಣಿಸಿದರೆ ಒಟ್ಟು 54 ವ್ಯಾಟ್-ಅವರ್, ಅಂದರೆ 54 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ. ಟರ್ಬೊದಲ್ಲಿ ಮೆಷಿನ್ 450 ವ್ಯಾಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಹೊಸ ಪ್ಯಾಕೇ ಏಳು ನಿಮಿಷಕ್ಕೆ ಖಾಲಿ. ಇಕೋದಲ್ಲಿ 80 ವ್ಯಾಟ್ ಆದರೆ ನಲವತ್ತು ನಿಮಿಷ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಈ ನಲವತ್ತು. ಏಳನ್ನು ಹುಡುಕಲು ಭೂತಗನ್ನಡಿ ಬೇಕು.

450 ವ್ಯಾಟ್ ಅಂದರೆ ಹೆಚ್ಚುಕಮ್ಮಿ 21 ಆಂಪಿಯರ್ ಕರೆಂಟ್. ಸೆಲ್‌ಗಳು ಸಾಲಾಗಿ ಇರುವುದರಿಂದ ಅಷ್ಟೂ ಕರೆಂಟ್ ಪ್ರತಿಯೊಂದು ಸೆಲ್ ಮೂಲಕ ಹಾದು ಹೋಗಬೇಕು. ಸೆಲ್‌ಗೆ ವಯಸ್ಸಾದಂತೆ ಅದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ಒಡ್ಡುವ ತಡೆ, ಏರುತ್ತದೆ. ಹೊಸತರಲ್ಲಿ 20 ಮಿಲಿಓಮ್ ಇದ್ದ ಒಂದು ಸೆಲ್ ಈಗ 60ಕ್ಕೆ ಬಂದಿದೆ ಅನ್ನಿ. 21 ಆಂಪಿಯರ್ ಎಳೆದಾಗ ಆ ಒಂದೇ ಸೆಲ್‌ನಲ್ಲಿ 1.26 ವೋಲ್ಟ್ ಒಳಗೇ ಸೋರಿಹೋಗುತ್ತದೆ. 3.5 ವೋಲ್ಟ್ ತೋರಿಸುತ್ತಿದ್ದ ಸೆಲ್ ಥಟ್ಟನೆ 2.24ಕ್ಕೆ ಕುಸಿಯುತ್ತದೆ. ಒಳಗಿರುವ ರಕ್ಷಣೆ ಬೋರ್ಡ್ ಅದನ್ನು ನೋಡಿ, ಸೆಲ್ ಪೂರ್ತಿ ಖಾಲಿಯಾಯಿತು ಅಂದುಕೊಂಡು ಲೈನ್ ಕಡಿಯುತ್ತದೆ. ಇಕೋದಲ್ಲಿ ಕರೆಂಟ್ ನಾಲ್ಕು ಆಂಪಿಯರ್‌ಗೂ ಕಡಿಮೆ. ಅದೇ ಮುದಿ ಸೆಲ್‌ನಲ್ಲಿ ಸೋರುವುದು ಕಾಲು ವೋಲ್ಟ್ ಕೂಡ ಇಲ್ಲ. ಅದಕ್ಕೇ ಆರಾಮಾಗಿ ಓಡುತ್ತದೆ. ಇಕೋ ಸರಿ, ಟರ್ಬೊ ಬಂದ್ ಅಂದರೆ ನೂರಕ್ಕೆ ತೊಂಬತ್ತು ಸಲ ಕಥೆ ಇಷ್ಟೇ: ಪ್ಯಾಕ್ ಮುದಿಯಾಗಿದೆ.

ಸರಿ, ಹಾಗಾದರೆ 6,000 ಎಂಎಎಚ್ ಹಾಕಿಸಬಹುದಲ್ಲ? ಅಲ್ಲೇ ಇರುವುದು ಮೋಸ. ಮಾರುಕಟ್ಟೆಯಲ್ಲಿರುವ ಒಳ್ಳೆಯ 18650 ಸೆಲ್‌ಗಳೇ ಹೆಚ್ಚೆಂದರೆ 3,500ರ ಆಸುಪಾಸು. ಆರೇ ಸೆಲ್‌ಗಳ ಒಂದೇ ಸಾಲಿನಲ್ಲಿ 6,000 ಬರಲು ಜಾಗವೇ ಇಲ್ಲ. ಎರಡು ಸಾಲು ಹಾಕಿದರೆ ಬರಬಹುದು, ಆದರೆ ಆಗ ಪ್ಯಾಕ್ ದಪ್ಪ ಆಗಲೇಬೇಕು, ಕಾಲು ಕಿಲೋಗಿಂತ ಜಾಸ್ತಿ ತೂಕ ಏರಲೇಬೇಕು. ಒಂದು ಸೆಲ್‌ಗೆ ಸುಮಾರು 45 ಗ್ರಾಂ, ಲೆಕ್ಕ ನೀವೇ ಹಾಕಿ. ಅದೇ ಅಳತೆ, ಅದೇ ತೂಕ, ಆದರೆ ಎರಡೂವರೆ ಪಟ್ಟು ಜಾಸ್ತಿ ಅಂದರೆ ಬದಲಾಗಿರುವುದು ಸ್ಟಿಕರ್ ಮಾತ್ರ.

ಇನ್ನೊಂದು ಮಾತು. ಇದನ್ನು ಅಂಗಡಿಯವರು ಹೇಳುವುದಿಲ್ಲ, ಎಷ್ಟೋ ಜನಕ್ಕೆ ಗೊತ್ತೂ ಇಲ್ಲ. ಪ್ರಾಮಾಣಿಕವಾದ 3,500 ಎಂಎಎಚ್ ಸೆಲ್ ಹಾಕಿದರೂ ಟರ್ಬೊ ಕೆಡಬಹುದು. ಆ ಸೆಲ್‌ಗಳಲ್ಲಿ ಬಹಳಷ್ಟು ಎಂಟು ಹತ್ತು ಆಂಪಿಯರ್ ನಿರಂತರ ಕರೆಂಟ್‌ಗೆ ಮಾಡಿದವು. ಟ್ಯಾಂಕ್ ದೊಡ್ಡದು, ನಲ್ಲಿ ಸಣ್ಣದು. ನಿಮ್ಮ ಮೆಷಿನ್ ಕೇಳುವುದು 21. ಕಂಪನಿಯವರು 2,500ರ ಸೆಲ್ ಹಾಕಿದ್ದು ಬರೀ ಜಿಪುಣತನದಿಂದ ಅಲ್ಲ. ಅದರ ನಲ್ಲಿ ದೊಡ್ಡದು, 20 ಆಂಪಿಯರ್‌ಗೂ ಮೇಲೆ ಕೊಡುತ್ತದೆ. ಆದ್ದರಿಂದ ಪ್ಯಾಕ್ ಕೊಳ್ಳುವಾಗ ಎಂಎಎಚ್ ಕೇಳುವ ಮೊದಲು ಯಾವ ಸೆಲ್, ನಿರಂತರ ಎಷ್ಟು ಆಂಪಿಯರ್ ಅಂತ ಕೇಳಿ. ಉತ್ತರ ಬರದಿದ್ದರೆ ಮೆಷಿನ್ ಮಾಡಿದ ಕಂಪನಿಯ ಪ್ಯಾಕನ್ನೇ ತೆಗೆದುಕೊಳ್ಳಿ. ದುಬಾರಿ ಅಂತ ಬೈದುಕೊಂಡೇ ತೆಗೆದುಕೊಳ್ಳಿ.

'ಕೆಟ್ಟ ಸೆಲ್ ಒಂದನ್ನೇ ಬದಲಾಯಿಸಿ ಕೊಡುತ್ತೇನೆ' ಅನ್ನುವವರ ಹತ್ತಿರ ಹೋಗಬೇಡಿ. ಐದು ಮುದುಕರ ನಡುವೆ ಒಬ್ಬ ಹುಡುಗನನ್ನು ಕೂರಿಸಿದಂತೆ. ಉಳಿದವು ಮತ್ತೆ ಮೊದಲೇ ಕುಸಿಯುತ್ತವೆ. ಸಾಲದ್ದಕ್ಕೆ ಅವರು ಸಾಲ್ಡರಿಂಗ್ ಕಡ್ಡಿಯನ್ನು ನೇರ ಸೆಲ್ ಮೇಲೆಯೇ ಒತ್ತುತ್ತಾರೆ. ಸೆಲ್ ಬಿಸಿಯಾಗದಂತೆ ಕ್ಷಣದಲ್ಲಿ ಬೆಸೆಯುವ ಸ್ಪಾಟ್ ವೆಲ್ಡ್ ಮಾಡಬೇಕಾದ ಜಾಗ ಅದು. ಹೀಗೆ ರಿಪೇರಿಯಾದ ಒಂದು ಪ್ಯಾಕ್ ನನ್ನ ಮೇಜಿಗೆ ಬಂದಿತ್ತು. ಬಿಚ್ಚುವಾಗ ಸಡಿಲವಾಗಿದ್ದ ನಿಕಲ್ ಪಟ್ಟಿ ಜಾರಿ ಪಕ್ಕದ ಸೆಲ್‌ಗೆ ತಾಗಿತು. ಚಿರ್ ಅಂತ ಒಂದು ಕಿಡಿ, ಆಮೇಲೆ ಬುಸ್ ಅನ್ನುವ ಸದ್ದು, ಗಂಟಲು ಹಿಡಿಯುವ ಸಿಹಿ ಸಿಹಿ ವಾಸನೆ. ಹೊರಗೆ ಎಸೆದು ಬಂದೆ. ಅಂದಿನಿಂದ ಮೇಜಿನ ಕೆಳಗೆ ಒಂದು ಬಕೆಟ್ ಮರಳು ಇಟ್ಟಿದ್ದೇನೆ. ನಾನು ಸ್ವಲ್ಪ ಪುಕ್ಕಲ ಅಂತಲೇ ಇಟ್ಟುಕೊಳ್ಳಿ.

ಇನ್ನು ನಿಮ್ಮ ಎರಡನೇ ದೂರು, ಎಳೆತ ಕಡಿಮೆ ಆಗಿದ್ದು. ಇಕೋದಲ್ಲೂ ಎಳೆತ ಕುಗ್ಗಿದೆ ಅಂದರೆ ಅದಕ್ಕೆ ಬ್ಯಾಟರಿ ಕಾರಣ ಅಲ್ಲವೇ ಅಲ್ಲ ಅನ್ನಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಜನ ಪ್ಯಾಕ್ ಬದಲಾಯಿಸುತ್ತಾರೆ. ಹೀಗೆ ಮಾಡಿ. ಉದ್ದ ಕೊಳವೆ, ಬ್ರಷ್ ಎಲ್ಲ ತೆಗೆದು ಬರೀ ಬಾಡಿ ಓಡಿಸಿ. ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಸದ್ದು ಕೀರಲಾಗುತ್ತದೆ, ಅಲ್ವಾ? ಗಾಳಿ ಹರಿಯದಿದ್ದಾಗ ಫ್ಯಾನ್‌ಗೆ ಕೆಲಸ ಕಡಿಮೆ, ಅದಕ್ಕೇ ಜೋರಾಗಿ ತಿರುಗುತ್ತದೆ. ಈಗ ಕೈ ತೆಗೆಯಿರಿ. ಕೈ ತೆಗೆದರೂ ಸದ್ದು ಹಾಗೇ ಕೀರಲು ಇದ್ದರೆ ಒಳಗೆ ಫಿಲ್ಟರ್ ಕಟ್ಟಿದೆ. ಬಾಡಿಯಲ್ಲಿ ಎಳೆತ ಚೆನ್ನಾಗಿದ್ದು, ಕೊಳವೆ ಹಾಕಿದ ಮೇಲೆ ಹೋದರೆ ಕೊಳವೆಯಲ್ಲಿ ಏನೋ ಸಿಕ್ಕಿದೆ. ಡಬ್ಬಿಯ ಅಂಚಿನ ರಬ್ಬರ್ ರಿಂಗ್ ಮೇಲೆ ಒಂದು ಕೂದಲು ಕೂತರೂ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಅದನ್ನು ಬಟ್ಟೆಯಿಂದ ಒರೆಸಿ. ತೊಳೆದ ಫಿಲ್ಟರನ್ನು ಪೂರ್ತಿ ಒಂದು ದಿನ ಒಣಗಿಸಿ. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಮಡಿಕೆಗಳ ಒಳಗೆ ಒದ್ದೆ ಇರುತ್ತದೆ. ಅವಸರಕ್ಕೆ ಫಿಲ್ಟರ್ ಇಲ್ಲದೆ ಓಡಿಸಿದರೆ ಧೂಳೆಲ್ಲ ಮೋಟರಿಗೆ.

ಪ್ರಶ್ನೆ: ಆಟೋ ಮೋಡ್ ಸುಮ್ನೆ ತೋರಿಕೆಗೆ ಅಲ್ವಾ? ನಾನು ಯಾವಾಗಲೂ ಟರ್ಬೊದಲ್ಲೇ ಇಡುತ್ತೇನೆ.

ಅಲ್ಲ. ಫ್ಯಾನಿನ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಎಳೆತ ಅರವತ್ತನಾಲ್ಕರಷ್ಟು ಉಳಿಯುತ್ತದೆ, ಆದರೆ ಕರೆಂಟ್ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಬರಿ ನೆಲಕ್ಕೆ ಅಷ್ಟು ಎಳೆತ ಧಾರಾಳ ಸಾಕು. ಬಹಳಷ್ಟು ಮೆಷಿನ್‌ಗಳಲ್ಲಿ ಬ್ರಷ್ ರೋಲರ್‌ಗೆ ಬೀಳುವ ಭಾರ ನೋಡಿ ಆಟೋ ಕೆಲಸ ಮಾಡುತ್ತದೆ. ಕಾರ್ಪೆಟ್ ಮೇಲೆ ರೋಲರ್ ಒದ್ದಾಡಿದರೆ ಎಳೆತ ಏರಿಸುತ್ತದೆ. ರೋಲರ್‌ಗೆ ಕೂದಲು ಸುತ್ತಿಕೊಂಡಿದ್ದರೂ ಅದಕ್ಕೆ ಕಾರ್ಪೆಟ್ ಅನ್ನಿಸುತ್ತದೆ ಪಾಪ. ಕತ್ತರಿ ತೆಗೆದುಕೊಂಡು ಕೂದಲು ಕತ್ತರಿಸಿ, ಆಮೇಲೆ ಆಟೋವನ್ನು ಬೈಯಿರಿ.

ಪ್ರಶ್ನೆ: 25,000 ಪ್ಯಾಸ್ಕಲ್ ಒಳ್ಳೆಯದೋ 30,000 ಒಳ್ಳೆಯದೋ?

ಅದು ಬಾಯಿ ಪೂರ್ತಿ ಮುಚ್ಚಿ, ಗಾಳಿಯೇ ಹರಿಯದಾಗ ಅಳೆದ ಎಳೆತದ ಒತ್ತಡ. ನೀವು ಗುಡಿಸುವುದು ಬಾಯಿ ತೆರೆದು. ಏರ್‌ವ್ಯಾಟ್ ಕೇಳಿ, ಅದರಲ್ಲಿ ಗಾಳಿಯ ಹರಿವೂ ಸೇರಿದೆ.

ಪ್ರಶ್ನೆ: ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ, ಹನ್ನೆರಡು ಗಂಟೆ ಚಾರ್ಜ್ ಮಾಡಬೇಕಂತೆ. ಫ್ರಿಡ್ಜ್‌ನಲ್ಲಿ ಇಟ್ಟರೆ ಸೆಲ್ ಚಿಗುರುತ್ತದಂತೆ.

ಅಂತೆಕಂತೆ. ಖಾಲಿ ಮಾಡುವ ಪದ್ಧತಿ ನಿಕಲ್-ಕ್ಯಾಡ್ಮಿಯಂ ಎಂಬ ಹಳೆಯ ಬಗೆಯ ಬ್ಯಾಟರಿಗಳ ಕಾಲದ್ದು, 1979ರಲ್ಲಿ ಬಂದ ಡಸ್ಟ್‌ಬಸ್ಟರ್‌ನಂಥ ಕೈ ಮೆಷಿನ್‌ಗಳ ಕಾಲ. ಲಿಥಿಯಂಗೆ ಅದು ಬರೀ ಶಿಕ್ಷೆ. ಫ್ರಿಡ್ಜ್‌ನಲ್ಲಿ ಏನೂ ಚಿಗುರುವುದಿಲ್ಲ.

ಪ್ರಶ್ನೆ: ಸದಾ ಚಾರ್ಜಿಂಗ್ ಸ್ಟ್ಯಾಂಡ್‌ನಲ್ಲೇ ಇಡಬಹುದಾ?

ದಿನಾ ಬಳಸಿದರೆ ಇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿ ತಂಪಾದ ಜಾಗದಲ್ಲಿಡಿ. ಟರ್ಬೊ ಓಡಿಸಿದ ಬಿಸಿ ಪ್ಯಾಕನ್ನು ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಆರಲಿ.

ಪ್ರಶ್ನೆ: ಬೇರೆ ಮೆಷಿನ್‌ನ ಚಾರ್ಜರ್ ಪಿನ್ ಸರಿಯಾಗಿ ಕೂರುತ್ತದೆ. ಹಾಕಲೇ?

ಆರು ಸೆಲ್ ಪ್ಯಾಕ್ ತುಂಬುವುದು 25.2 ವೋಲ್ಟ್‌ಗೆ, ಏಳು ಸೆಲ್‌ನದು 29.4ಕ್ಕೆ. ಪಿನ್‌ಗೆ ಇದು ಗೊತ್ತಿಲ್ಲ. ಬೇಡ.

ಪ್ರಶ್ನೆ: ರಕ್ಷಣೆ ಬೋರ್ಡನ್ನು ಬೈಪಾಸ್ ಮಾಡಿದರೆ ಟರ್ಬೊ ನಿಲ್ಲುವುದಿಲ್ಲ ಅಂತ ಒಂದು ವಿಡಿಯೊದಲ್ಲಿ ತೋರಿಸಿದ್ದಾರೆ. ನಿಜವೇ?

ನಿಜ, ನಿಲ್ಲುವುದಿಲ್ಲ. ಬೆಂಕಿ ಹತ್ತುವಾಗಲೂ ನಿಲ್ಲುವುದಿಲ್ಲ.