ಆ ಗುಂಡುಗಳನ್ನು ಯಾರೂ ಪೇರಿಸಲಿಲ್ಲ

ಕೋಲಾರದ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮಕ್ಕಳ ಜೊತೆ ಅಂತರಗಂಗೆ ಬೆಟ್ಟ ಹತ್ತಿದಾಗ, ಒಂದರ ಮೇಲೊಂದು ಕೂತ ಗುಂಡುಗಳನ್ನು ನೋಡಿ ಒಬ್ಬ ಹುಡುಗಿ "ಇವನ್ನ ಯಾರು ಪೇರಿಸಿದ್ದು ಸಾರ್?" ಎಂದಳಂತೆ. ಜ್ವಾಲಾಮುಖಿ ಎಸೆದದ್ದು ಅಂತ ಹೇಳಿಬಿಟ್ಟೆ, ಸರಿನಾ? ಬೆಟ್ಟ ಈಗಲೂ ಬದಲಾಗುತ್ತಿದೆಯಾ? ಇದು ಅವರ ಪ್ರಶ್ನೆ.

ಮೇಷ್ಟ್ರೇ, ಜ್ವಾಲಾಮುಖಿ ಅಲ್ಲ. ಆ ಗುಂಡುಗಳಲ್ಲಿ ಹೆಚ್ಚಿನವು ಹುಟ್ಟಿದ ಜಾಗದಲ್ಲೇ ಇವೆ. ಸುತ್ತ ಇದ್ದದ್ದು ಹೊರಟುಹೋಗಿದೆ, ಅಷ್ಟೇ.

ನಮ್ಮ ಸೀಮೆಯ ಕಲ್ಲು ನೆಲದ ಬಹಳ ಆಳದಲ್ಲಿ ಗಟ್ಟಿಯಾದದ್ದು. ಮಧುಗಿರಿ, ಪಾವಗಡದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮೇಲಿನ ಭಾರ ಸವೆಯುತ್ತಾ ಬಂದ ಹಾಗೆ ಬಂಡೆ ಹಿಗ್ಗಿ ಬಿರುಕು ಬಿಡುತ್ತದೆ, ಆ ಬಿರುಕಿಗೆ ಮಳೆನೀರು ಇಳಿದು ಮಣ್ಣಿನ ಅಡಿಯಲ್ಲೇ ಕಲ್ಲನ್ನು ತಿನ್ನತೊಡಗುತ್ತದೆ. ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುತ್ತದೆ ಅಲ್ವಾ, ಅದಕ್ಕೇ ಮೂಲೆ ಮೊದಲು ಸವೆದು ಕಲ್ಲು ದುಂಡಗಾಗುತ್ತದೆ. ಪುಡಿಯಾದದ್ದನ್ನು ಮಳೆ ತೊಳೆದುಕೊಂಡು ಹೋದ ಮೇಲೆ ಉಳಿಯುವುದು ಗುಂಡು.

ಮುಂದಿನ ಸಲ ಹೋದಾಗ ಗುಂಡಿನ ಬುಡದಲ್ಲಿ ಒಂದು ಹಿಡಿ ಪುಡಿ ಎತ್ತಿಕೊಂಡು ಮಕ್ಕಳ ಕೈಗೆ ಹಾಕಿ. ಗಾಜಿನಂತೆ ಹೊಳೆಯುವ ಹರಳು ಬೆಣಚುಕಲ್ಲು, ಅದು ನೀರಿಗೆ ಜಗ್ಗುವುದಿಲ್ಲ, ಮರಳಾಗುತ್ತದೆ. ಮಾಸಲು ಬಿಳಿ, ಗುಲಾಬಿ ಬಣ್ಣದ ಚೂರು ಫೆಲ್ಡ್‌ಸ್ಪಾರ್. ಚೆನ್ನಾಗಿ ನೆನೆದು ಹಳೆಯದಾಗಿದ್ದರೆ ಉಗುರಲ್ಲಿ ಒತ್ತಿದರೂ ಉದುರುತ್ತದೆ, ಜೇಡಿಮಣ್ಣಾಗುತ್ತಿದೆ ಅಂತ ಅರ್ಥ. ನಿಮ್ಮೂರ ಕೆರೆಯ ಹೂಳಿನಲ್ಲಿ ಇರುವುದೂ ಬಹುಪಾಲು ಇದೇ ಬೆಟ್ಟದ ಪುಡಿ. ಇದಕ್ಕಿಂತ ಒಳ್ಳೆ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ ಅಂತ ನನಗನಿಸುತ್ತದೆ.

ಮಧುಗಿರಿಯಲ್ಲಿ ಇನ್ನೊಂದು ಥರ. ಅಲ್ಲಿ ಇಡೀ ಬಂಡೆ ಮೈಮೇಲಿನ ಪದರು ಕಳಚಿಕೊಳ್ಳುತ್ತದೆ. ಈ ಗುಣ ಕಲ್ಲು ಕೆಲಸದವರಿಗೆ ನಮಗಿಂತ ಮೊದಲೇ ಗೊತ್ತಿತ್ತು, ಬಂಡೆ ಮೇಲೆ ಸೌದೆ ಉರಿಸಿ, ಕಾವಿಗೆ ಪದರು ಬಿಟ್ಟುಕೊಂಡಾಗ ಚಪ್ಪಡಿ ಎಬ್ಬಿಸುತ್ತಿದ್ದರು.

ಬದಲಾವಣೆ ನಿಂತಿದೆಯಾ ಅಂದರೆ, ಇಲ್ಲ. 2021ರ ಆಗಸ್ಟ್‌ನಲ್ಲಿ ಜೋರು ಮಳೆಗೆ ನಂದಿಬೆಟ್ಟದ ದಾರಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಕಿತ್ತುಹೋಯಿತು, ನೆನಪಿದೆಯಾ? ಒಂದೊಂದು ಕಣ ಕಳಚುವ ಕೆಲಸ ದಿನಾ ನಡೆಯುತ್ತದೆ, ಕಾಣಿಸುವುದು ಇಂಥ ದಿನ ಮಾತ್ರ. ನನಗೆ ಸಂಕಟವಾಗುವುದು ಕ್ರಷರ್‌ಗಳನ್ನು ನೋಡಿದಾಗ. ಮಳೆ ಕಡಿದರೆ ಮಣ್ಣಾದರೂ ಹೊಲಕ್ಕೆ ಬರುತ್ತದೆ, ನಾವು ಕಡಿದರೆ ಬೆಟ್ಟದ ಜಾಗದಲ್ಲಿ ಬರೀ ಗುಂಡಿ.

ಹುಡುಗಿಗೆ ಉತ್ತರ ಹೇಳಲು ಮತ್ತೆ ಬೆಟ್ಟಕ್ಕೇ ಕರೆದುಕೊಂಡು ಹೋಗಿ. ಆದರೆ ಜೋರು ಮಳೆ ಬಿದ್ದ ಮಾರನೇ ದಿನ ಬೇಡ, ಗುಂಡುಗಳ ಅಡಿಯ ಮಣ್ಣು ಸಡಿಲವಾಗಿರುತ್ತದೆ.